ಅಂಕ, ಗರಟೆ, ನೋಟ್‌ಬುಕ್: ತರಗತಿಯಲ್ಲಿ ಯಾವುದನ್ನು ಯಾವುದರಿಂದ ಅಳೆಯಬೇಕು?

ಮಾರ್ಚ್ ಕೊನೆಯ ವಾರ. ಮಕ್ಕಳ ಪ್ರಗತಿ ಪತ್ರದಲ್ಲಿ ಪಾಠದ ವಿಷಯಗಳ ಭಾಗ ಎ ಮುಗಿದಿರುತ್ತದೆ, ಅಂಕಗಳನ್ನೆಲ್ಲ ಕೂಡಿ ಆಗಿರುತ್ತದೆ. ಉಳಿದಿರುವುದು ಭಾಗ ಬಿ. ಮನೋಭಾವ, ಮೌಲ್ಯ, ಸಹಕಾರ, ಇಂಥವು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಾರವಾರದ ಕಡೆಯ ಒಂದು ಶಾಲೆಯಲ್ಲಿ, ಆ ಕಾಲಂಗಳನ್ನು ಅರ್ಧ ಗಂಟೆಯಲ್ಲಿ ತುಂಬಿಬಿಟ್ಟಿದ್ದೆ. ಗಲಾಟೆ ಮಾಡುವ ಇಬ್ಬರಿಗೆ ಬಿ, ಉಳಿದ 36 ಮಕ್ಕಳಿಗೆ ಎ. ಆ ಇಬ್ಬರಲ್ಲಿ ಒಬ್ಬ ದಿನಾ ಬಿಸಿಯೂಟ ಆದಮೇಲೆ ಒಂದನೇ ತರಗತಿಯ ಮಕ್ಕಳ ತಟ್ಟೆ ತೊಳೆದು ಕೊಡುತ್ತಿದ್ದ. ಯಾರೂ ಹೇಳಿದ್ದಲ್ಲ, ಸುಮ್ನೆ ಮಾಡುತ್ತಿದ್ದ. ಅದು ನನಗೆ ಗೊತ್ತಿತ್ತು. ಆದರೂ ಬಿ ಹಾಕಿದೆ. ಯಾಕೆಂದರೆ ಪೆನ್ನು ಹಿಡಿದು ಕೂತಾಗ ನೆನಪಾದದ್ದು ಗಲಾಟೆ ಮಾತ್ರ.

ಆಮೇಲೆ ಘಟ್ಟ ಹತ್ತಿ ಶಿರಸಿ ಕಡೆ ಬಂದೆ. ಊರು ಬದಲಾಯಿತು, ಮಳೆ ಜಾಸ್ತಿಯಾಯಿತು, ಭಾಗ ಬಿ ಮಾತ್ರ ಅದೇ. ಪ್ರತಿ ವರ್ಷ ಜೂನ್‌ನಲ್ಲಿ ಹೊಸದಾಗಿ ಬಂದ ಯಾರಾದರೂ ಕೇಳುತ್ತಾರೆ: "ಅಕ್ಕೋರೆ, ಇದನ್ನೆಲ್ಲ ಹೇಗೆ ಮಾಡ್ತೀರಿ? ಯಾವ ಸಾಧನ ಒಳ್ಳೇದು?" ತರಬೇತಿಗೆ ಹೋದರೆ ಸಾಧನಗಳ ಹೆಸರು ಬೇಕಾದಷ್ಟು ಸಿಗುತ್ತವೆ. ತಪಶೀಲು ಪಟ್ಟಿ (ಹೌದು-ಇಲ್ಲ ಗುರುತು ಹಾಕುವುದು), ದರ್ಜಾ ಮಾಪನಿ (ಮೆಟ್ಟಿಲಲ್ಲಿ ಗುರುತು ಹಾಕುವುದು), ಕೃತಿ ಸಂಪುಟ (ಮಗುವಿನ ಕೆಲಸಗಳ ಫೈಲು), ಸ್ವಮೌಲ್ಯಮಾಪನ, ಸಮಾಜಮಿತಿ (ಗೆಳೆತನದ ನಕ್ಷೆ). ಯಾವುದನ್ನು ಬಿಡಬಹುದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಲಿಕೆ, ಮನೋಭಾವ, ಮೌಲ್ಯ, ಈ ಮೂರನ್ನು ಬೇರೆ ಮಾಡಿ

ನಮ್ಮ ಕರಾವಳಿಯ ಒಂದು ವಿಷಯ ತೆಗೆದುಕೊಳ್ಳೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗುವಂತಿಲ್ಲ. 61 ದಿನದ ನಿಷೇಧ. ಮೀನು ಮರಿ ಹಾಕುವ ಕಾಲ ಅದು ಅಂತ ಮಗು ಬರೆದರೆ ಅದು ಕಲಿಕೆ. ಪೇಪರ್ ಕೊಟ್ಟು ಅಳೆಯಬಹುದು, ಅಂಕ ಹಾಕಬಹುದು.

ಈ ನಿಷೇಧ ಸರಿ ಅಂತ ಆ ಮಗುವಿಗೆ ಅನಿಸುತ್ತದೆಯೇ? ಇದು ಮನೋಭಾವ. ಬೋಟಿನಲ್ಲಿ ದುಡಿಯುವವರ ಮಗಳಿಗೆ ಆ ಎರಡು ತಿಂಗಳೆಂದರೆ ಮನೆಯಲ್ಲಿ ಕಾಸಿಲ್ಲದ ಕಾಲ. "ನಿಷೇಧ ಬೇಡ" ಅಂತ ಅವಳು ಹೇಳಿದರೆ ಅವಳಿಗೆ ಪಾಠ ಅರ್ಥವಾಗಿಲ್ಲ ಎಂದಲ್ಲ. ಬಹುಶಃ ನನಗಿಂತ ಚೆನ್ನಾಗಿ ಅರ್ಥವಾಗಿದೆ. ಇದಕ್ಕೆ ಅಂಕ ಹಾಕಿದಿರೋ, ಮುಂದಿನ ಸಲ ಅವಳು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾಳೆ.

ಇನ್ನು ಮೂರನೆಯದು. ಸಂಜೆ ಹೊಳೆಬದಿಯಲ್ಲಿ ಏಡಿ ಹಿಡಿಯುವಾಗ ಮೊಟ್ಟೆ ಇರುವ ಏಡಿ ಸಿಕ್ಕರೆ ಒಬ್ಬ ಹುಡುಗ ಏನು ಮಾಡುತ್ತಾನೆ? ಅಲ್ಲಿ ನೀವಿಲ್ಲ, ನಾನೂ ಇಲ್ಲ. ಮೌಲ್ಯ ಇರುವುದು ಅಲ್ಲಿ.

ಮೂರಕ್ಕೂ ಒಂದೇ ತಕ್ಕಡಿ ಹಿಡಿಯುವುದರಿಂದಲೇ ಭಾಗ ಬಿ ಹಾಳಾಗುವುದು. ಯಾವ ಸಾಧನ ತೆಗೆದುಕೊಂಡರೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಬಂದ ಉತ್ತರ ಹಿಡಿದುಕೊಂಡು ನಾಳೆ ಬೆಳಿಗ್ಗೆ ತರಗತಿಯಲ್ಲಿ ಏನು ಮಾಡುತ್ತೇನೆ? ಏನೂ ಇಲ್ಲ ಅಂದರೆ ಆ ಸಾಧನ ಬೇಡ.

ಕಲಿಕೆಗೆ: ಕಿರುಪರೀಕ್ಷೆಯೋ, ಸಂಜೆಯ ಚೀಟಿಯೋ?

ಕಿರುಪರೀಕ್ಷೆ ನಮಗೆ ರೂಢಿ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಯುತ್ತಿರುವಾಗಿನವು), ಎರಡು ಸಂಕಲನಾತ್ಮಕ (ಅವಧಿಯ ಕೊನೆಯವು). ಸ್ಯಾಟ್ಸ್‌ಗೆ (ಇಲಾಖೆಯ ಆನ್‌ಲೈನ್ ದಾಖಲೆ) ಅಂಕ ಏರಿಸಬೇಕು, ಹಾಗಾಗಿ ಬಿಡುವ ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 38 ಉತ್ತರಪತ್ರಿಕೆ, ಒಂದಕ್ಕೆ ಐದೇ ನಿಮಿಷ ಅಂದರೂ 190 ನಿಮಿಷ. ತಿದ್ದಿ ಮುಗಿಸುವಾಗ ಪಾಠ ಎರಡು ಮುಂದೆ ಹೋಗಿರುತ್ತದೆ. ಭಿನ್ನರಾಶಿ ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗುವುದು ದಶಮಾಂಶ ಶುರು ಮಾಡಿದ ಮೇಲೆ.

ಚೀಟಿ ಹಾಗಲ್ಲ. ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಹಳೇ ನೋಟ್‌ಬುಕ್ಕಿನ ಕಾಲು ಹಾಳೆ ಕೊಡುತ್ತೇನೆ. ಒಂದೇ ಪ್ರಶ್ನೆ: "ಇವತ್ತು ಯಾವ ಜಾಗದಲ್ಲಿ ತಲೆ ಕೆಟ್ಟಿತು?" ಇಲ್ಲವೇ ಒಂದೇ ಒಂದು ಲೆಕ್ಕ. ಬಸ್ಸಿಗೆ ಕಾಯುವಾಗ ಮೂರು ಗುಂಪು ಮಾಡುತ್ತೇನೆ. ಬಂದವರು, ಅರ್ಧ ಬಂದವರು, ಬಾರದವರು. ಹತ್ತು ನಿಮಿಷ ಸಾಕು. ಅಂಕ ಇಲ್ಲ. ಮರುದಿನ ಮೂರನೇ ಗುಂಪನ್ನು ಮೊದಲು ಹತ್ತಿರ ಕೂರಿಸಿಕೊಳ್ಳುತ್ತೇನೆ. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಚೀಟಿಯನ್ನೇ ಆರಿಸುತ್ತೇನೆ.

ಅಂಕವಿಲ್ಲದೆ ಮಕ್ಕಳು ಗಂಭೀರವಾಗಿ ಬರೆಯುವುದಿಲ್ಲ ಎನ್ನುವವರಿದ್ದಾರೆ. 1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲೆಗಳಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಬರಹದ ಸಲಹೆ ಮಾತ್ರ, ಇನ್ನು ಕೆಲವರಿಗೆ ಎರಡೂ. ಸಲಹೆ ಮಾತ್ರ ಸಿಕ್ಕ ಮಕ್ಕಳ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರಿಗೆ ಅಂಥ ಲಾಭ ಆಗಲಿಲ್ಲ. ಅಂಕ ಕಂಡ ಕೂಡಲೇ ಸಲಹೆ ಓದುವವರು ಯಾರು? ನಾವೂ ಹಾಗೇ ಅಲ್ವಾ. ಕೆಂಪು ಶಾಯಿಯಲ್ಲಿ ನಾನು ಕಷ್ಟಪಟ್ಟು ಬರೆದ ಎರಡು ಸಾಲನ್ನು ದಾಟಿ "ನಿಂಗೆಷ್ಟು, ನಂಗೆಷ್ಟು" ಶುರುವಾಗುವುದನ್ನು ಎಷ್ಟು ಸಲ ನೋಡಿಲ್ಲ!

ಕೆಳಗಿನ ತರಗತಿಗಳಲ್ಲಿ ಮೌಖಿಕವೇ ಮೇಲು. ಅದರಲ್ಲೂ ಕಾರವಾರದಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ನನ್ನ ಒಬ್ಬಳು ವಿದ್ಯಾರ್ಥಿನಿ ವಾಕ್ಯದ ಲೆಕ್ಕಗಳಲ್ಲಿ ಸತತ ಸೊನ್ನೆ ತೆಗೆಯುತ್ತಿದ್ದಳು. ಒಂದು ದಿನ ಹತ್ತಿರ ಕರೆದು "ಕಿತ್ಲೆ ಉರ್ಲೆ?" (ಎಷ್ಟು ಉಳಿಯಿತು?) ಅಂತ ಕೊಂಕಣಿಯಲ್ಲಿ ಅಂದೆ. ಥಟ್ಟನೆ ಉತ್ತರ ಬಂತು. ಅಷ್ಟು ದಿನ ನಾನು ಅಳೆದದ್ದು ಅವಳ ಕಳೆಯುವ ಲೆಕ್ಕವನ್ನಲ್ಲ, 'ಉಳಿಕೆ' ಎಂಬ ಕನ್ನಡ ಪದವನ್ನು. ಘಟ್ಟದ ಮೇಲೆ ಬಂದಮೇಲೆ ಇದೇ ತಪ್ಪನ್ನು ಇನ್ನೊಂದು ದಿಕ್ಕಿನಿಂದ ಮಾಡಿದೆ. ಹಳೆಯ ಬಂಗಡೆ ಮೀನಿನ ಬುಟ್ಟಿಯ ಲೆಕ್ಕವನ್ನೇ ಕೊಟ್ಟೆ. ಅಡಿಕೆ ತೋಟದ ಮಕ್ಕಳು ಲೆಕ್ಕ ಬಿಟ್ಟು ಬಂಗಡೆ ಅಂದರೆ ಏನು ಅಂತ ತಮ್ಮತಮ್ಮಲ್ಲೇ ಗುಸುಗುಸು ಶುರು ಮಾಡಿದರು. ಪ್ರಶ್ನೆಪತ್ರಿಕೆಯನ್ನು ಎಲ್ಲಿಂದಲೋ ತಂದು ನಕಲು ತೆಗೆದು ಹಂಚುವ ಮೊದಲು ಒಮ್ಮೆ ಓದಿ ನೋಡಿ.

ಕೃತಿ ಸಂಪುಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೂನ್ ತಿಂಗಳ ಒಂದು ಬರಹ, ಅಕ್ಟೋಬರ್‌ನ ಒಂದು, ಫೆಬ್ರವರಿಯ ಒಂದು, ಮೂರನ್ನೂ ಒಟ್ಟಿಗೆ ಇಟ್ಟು ಪಾಲಕರಿಗೆ ತೋರಿಸಿದರೆ ಅದರಷ್ಟು ಒಳ್ಳೆಯದಿಲ್ಲ. ಬಣ್ಣದ ಕಾಗದ ಅಂಟಿಸಿದ ದಪ್ಪ ಫೈಲು ಆಯಿತೋ, ಅದು ಅಮ್ಮಂದಿರ ಮೌಲ್ಯಮಾಪನ. ಪ್ರಾಜೆಕ್ಟಿಗೂ ಇದೇ ಮಾತು.

ಮನೋಭಾವಕ್ಕೆ: ಹೇಳಿಕೆ ಪಟ್ಟಿಯೋ, ಅರ್ಧ ವಾಕ್ಯವೋ?

ಹೇಳಿಕೆ ಕೊಟ್ಟು "ಪೂರ್ಣ ಒಪ್ಪುತ್ತೇನೆ" ಎಂಬಲ್ಲಿಂದ "ಒಪ್ಪುವುದೇ ಇಲ್ಲ" ಎಂಬಲ್ಲಿಯವರೆಗೆ ಐದು ಮೆಟ್ಟಿಲಲ್ಲಿ ಗುರುತು ಹಾಕಿಸುವ ಕ್ರಮ ರೆನ್ಸಿಸ್ ಲೈಕರ್ಟ್ ಎಂಬವರದು. 1932ರಷ್ಟು ಹಳೆಯದು. ದೊಡ್ಡವರಿಗೆ ಸರಿ. ಐದನೇ ತರಗತಿಯ ಮಾಣಿಗೆ "ಒಪ್ಪುತ್ತೇನೆ"ಗೂ "ಪೂರ್ಣ ಒಪ್ಪುತ್ತೇನೆ"ಗೂ ಏನು ವ್ಯತ್ಯಾಸ? ಮೂರು ಮೆಟ್ಟಿಲು ಸಾಕು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಪಟ್ಟಿಯಲ್ಲಿ ಹತ್ತಕ್ಕಿಂತ ಹೆಚ್ಚು ಹೇಳಿಕೆ ಬೇಡ. ಎರಡು ಮೂರು ಹೇಳಿಕೆ ಉಲ್ಟಾ ಇರಲಿ. "ಗಣಿತ ನನಗೆ ಇಷ್ಟ" ಅಂತ ಒಂದು ಕಡೆ, "ಗಣಿತದ ಪೀರಿಯಡ್ ಇಲ್ಲದಿದ್ದರೆ ಖುಷಿ" ಅಂತ ಇನ್ನೊಂದು ಕಡೆ. ಎರಡಕ್ಕೂ ನಗುವ ಮುಖ ಹಾಕಿದ ಮಗು ಓದದೇ ಗುರುತು ಹಾಕಿದೆ ಅಂತ ತಿಳಿಯುತ್ತದೆ.

ಹೆಸರು ಬರೆಸಬೇಡಿ. ಹೆಸರಿಲ್ಲದಿದ್ದರೂ ನಮಗೆ ಎಲ್ಲರ ಅಕ್ಷರ ಗೊತ್ತು, ಅದು ಮಕ್ಕಳಿಗೂ ಗೊತ್ತು. ಅದಕ್ಕೆ ನಾನು ಕಾಗದವನ್ನೇ ಬಿಟ್ಟೆ. ಮೂಲೆಯಲ್ಲಿ ಒಂದು ಪರದೆ, ಅದರ ಹಿಂದೆ ಮೂರು ತೆಂಗಿನ ಗರಟೆ, ಗರಟೆಯ ಮುಂದೆ ಮೂರು ಮುಖ. ಪ್ರತಿಯೊಬ್ಬರ ಕೈಗೂ ಒಂದು ಹುಣಸೆ ಬೀಜ. ನಾನು ಒಂದು ಹೇಳಿಕೆ ಓದುತ್ತೇನೆ, ಒಬ್ಬೊಬ್ಬರೇ ಹೋಗಿ ಹಾಕಿ ಬರುತ್ತಾರೆ. "ತಪ್ಪು ಉತ್ತರ ಹೇಳಲು ನನಗೆ ಹೆದರಿಕೆ ಆಗುವುದಿಲ್ಲ" ಎಂಬ ಹೇಳಿಕೆಗೆ ಒಮ್ಮೆ 31 ಬೀಜದಲ್ಲಿ 19 ಅಳುವ ಮುಖಕ್ಕೆ ಬಿದ್ದವು. ನಾನು ಬಹಳ ಸಲಿಗೆಯ ಅಕ್ಕೋರು ಅಂದುಕೊಂಡಿದ್ದೆ!

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಓದಿ ನೋಡಿ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕು ಅನ್ನುವುದು ಅಲ್ಲೇ ಇದೆ. ಅದರ ಹಿಂದಿನ ಸಾಲೇ ಮಗುವಿಗೆ ಭಯ ಇರಬಾರದು, ತನಗನಿಸಿದ್ದನ್ನು ಮುಕ್ತವಾಗಿ ಹೇಳುವಂತಿರಬೇಕು ಎನ್ನುತ್ತದೆ. ಮೊದಲನೆಯದರ ಹೆಸರಲ್ಲಿ ಎರಡನೆಯದನ್ನು ಮುರಿಯುವುದು ನಮಗೆ ಎಷ್ಟು ಸಲೀಸು.

ಪಟ್ಟಿಯೂ ಗರಟೆಯೂ 'ಎಷ್ಟು ಜನ' ಅಂತ ಹೇಳುತ್ತವೆ. 'ಯಾಕೆ' ಅನ್ನುವುದಕ್ಕೆ ಅರ್ಧ ವಾಕ್ಯ ಬೇಕು. "ಗಣಿತದ ಪೀರಿಯಡ್ ಶುರುವಾದಾಗ ನನಗೆ..." ಅಂತ ಬರೆದು ಬಿಟ್ಟರೆ ಮಕ್ಕಳು ಮುಗಿಸುತ್ತಾರೆ. "ಹೊಟ್ಟೆ ನೋಯ್ತದೆ." "ಮೀನು ಮಾರುವಾಗ ಆಯಿ ಲೆಕ್ಕ ಮಾಡುವುದು ನೆನಪಾಗ್ತದೆ." "ಕಿಟಕಿ ಹತ್ತಿರ ಕೂರಬೇಕು ಅನಿಸ್ತದೆ." ಒಂದೊಂದು ಸಾಲೂ ನಾಳೆ ಏನು ಮಾಡಬೇಕು ಅಂತ ಹೇಳುತ್ತದೆ. ತೊಂದರೆ ಒಂದೇ. ಬರೆಯಲು ಬಾರದ ಮಗುವಿಗೆ ಇದು ಆಗುವುದಿಲ್ಲ, 40 ಮಕ್ಕಳಿದ್ದರೆ ಓದಲು ಸಮಯ ಬೇಕು. ಹೊಸ ಶಾಲೆಗೆ ವರ್ಗವಾಗಿ ಬಂದವರಿಗೆ ಮೊದಲ ವಾರ ಅರ್ಧ ವಾಕ್ಯವೇ ಒಳ್ಳೆಯದು. ಹೈಸ್ಕೂಲಿನಲ್ಲಿ ನಾಲ್ಕೈದು ಸೆಕ್ಷನ್ ನೋಡಿಕೊಳ್ಳುವವರಿಗೆ ಪಟ್ಟಿಯೇ ಗತಿ.

ಎರಡರಲ್ಲಿ ಯಾವುದಾದರೂ ಇರಲಿ, ಬಂದ ಉತ್ತರವನ್ನು ಹೀಗೇ ನಡೆಯುತ್ತಾರೆ ಅಂತ ಓದಿಕೊಳ್ಳಬೇಡಿ. 1930ರ ದಶಕದ ಅಮೆರಿಕದಲ್ಲಿ ರಿಚರ್ಡ್ ಲಾಪಿಯೇರ್ ಎಂಬ ಸಮಾಜಶಾಸ್ತ್ರಜ್ಞ ಒಬ್ಬ ಚೀನೀ ದಂಪತಿಯ ಜೊತೆ ಊರೂರು ತಿರುಗಿದರು. 251 ಹೋಟೆಲು, ವಸತಿಗೃಹಗಳಲ್ಲಿ ಒಂದು ಕಡೆ ಮಾತ್ರ ಬಾಗಿಲು ಮುಚ್ಚಿತು. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು "ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ" ಅಂತ ಕೇಳಿದಾಗ, ಉತ್ತರ ಕೊಟ್ಟವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. 1934ರಲ್ಲಿ ಇದು ಪ್ರಕಟವಾಯಿತು. ಬಾಯಿ ಒಂದು, ನಡೆ ಇನ್ನೊಂದು. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಉಲ್ಟಾ. ಬಾಯಲ್ಲಿ ಬಂಗಾರ, ಆಟದ ಬಯಲಲ್ಲಿ ಗುದ್ದಾಟ.

ಮೌಲ್ಯಕ್ಕೆ: ತಪಶೀಲು ಪಟ್ಟಿ, ಕಥೆ, ನೋಟ್‌ಬುಕ್

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಜಾಸ್ತಿ ತಪ್ಪು ಮಾಡಿದ್ದು ಇಲ್ಲೇ.

ತಪಶೀಲು ಪಟ್ಟಿ ಸುಲಭ. "ಪ್ರಾಮಾಣಿಕ: ಹೌದು / ಇಲ್ಲ". ಆದರೆ ಪ್ರಾಮಾಣಿಕ ಅನ್ನುವುದು ರಕ್ತದ ಗುಂಪಿನ ಹಾಗೆ ಮಗುವಿನಲ್ಲಿ ಸದಾ ಒಂದೇ ಥರ ಇರುತ್ತದೆಯೇ? ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬಿಬ್ಬರು 1920ರ ದಶಕದಲ್ಲಿ ಅಮೆರಿಕದ ಸುಮಾರು 11,000 ಮಕ್ಕಳ ಮೇಲೆ ಇದನ್ನೇ ನೋಡಿದರು. ಪರೀಕ್ಷೆ ಕೊಟ್ಟು, ಉತ್ತರಗಳ ನಕಲು ಗುಟ್ಟಾಗಿ ತೆಗೆದಿಟ್ಟುಕೊಂಡು, ಮರಳಿ ಕೊಟ್ಟು "ನೀವೇ ತಿದ್ದಿ" ಎಂದರು. ಯಾರು ಉತ್ತರ ಬದಲಿಸಿದರು ಅಂತ ತಿಳಿಯಿತು. ಆಟದಲ್ಲಿ, ಹಣದ ವಿಷಯದಲ್ಲಿ ಬೇರೆ ಬೇರೆ ಪರೀಕ್ಷೆ. ಕಂಡದ್ದು ಇಷ್ಟು: ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಗಣಿತದಲ್ಲಿ ನಕಲು ಮಾಡಿದವನು ಆಟದಲ್ಲಿ ಔಟಾದಾಗ ತಾನೇ ಹೊರಗೆ ಬರಬಹುದು. ಹಾಗಿರುವಾಗ ಒಂದು ಕಾಲಂನಲ್ಲಿ ಹೌದು-ಇಲ್ಲ ಬರೆಯುವ ಧೈರ್ಯ ನನಗಂತೂ ಇಲ್ಲ.

ತಪಶೀಲು ಪಟ್ಟಿಯನ್ನು ಪೂರ್ತಿ ಬಿಡಬೇಕಿಲ್ಲ. ಕಣ್ಣಿಗೆ ಕಾಣುವ ಕೆಲಸಕ್ಕೆ ಅದು ಸರಿ. ಊಟದ ಮುಂಚೆ ಕೈ ತೊಳೆದರೇ, ತಂದ ಗ್ರಂಥಾಲಯದ ಪುಸ್ತಕ ವಾಪಸ್ ಇಟ್ಟರೇ. ಅಷ್ಟಕ್ಕೇ ನಿಲ್ಲಿಸಿ.

ಎರಡನೆಯದು ಕಥೆ ಕೊಟ್ಟು ಕೇಳುವುದು. "ಬಸ್ಸಿನಲ್ಲಿ ಕಂಡಕ್ಟರ್ ಹತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟರೆ ಏನು ಮಾಡುತ್ತೀರಿ?" 38ಕ್ಕೆ 38 ಮಕ್ಕಳೂ "ವಾಪಸ್ ಕೊಡುತ್ತೇನೆ". ಉತ್ತರ ಏನಿರಬೇಕು ಅಂತ ಅವರಿಗೆ ಗೊತ್ತು. ಎರಡೂ ಕಡೆ ನ್ಯಾಯ ಇರುವ ಕಥೆ ಬೇಕು. ಶಿರಸಿಯ ಸಾಲ್ಕಣಿಯಲ್ಲಿ 1983ರಲ್ಲಿ ಜನ ಮರ ಅಪ್ಪಿಕೊಂಡು ನಿಂತ ಕಥೆ, ಅಪ್ಪಿಕೋ ಚಳವಳಿ ಶುರುವಾದದ್ದು, ಇಲ್ಲಿನ ಮಕ್ಕಳಿಗೆ ಗೊತ್ತು. "ಮರ ಉಳಿಸಬೇಕೇ?" ಅಂದರೆ ಕೋರಸ್ಸಿನಲ್ಲಿ ಹೌದು. ನಾನು ಕೇಳಿದ್ದು ಬೇರೆ: "ನಿಮ್ಮ ಕೇರಿಗೆ ಆಂಬುಲೆನ್ಸ್ ಬರುವ ರಸ್ತೆ ಮಾಡಬೇಕಾದರೆ 12 ಮರ ಹೋಗಬೇಕು. ಈಗ?" ಒಂದು ಪೀರಿಯಡ್ ಸಾಲಲಿಲ್ಲ. ಒಬ್ಬಳು, ಕಳೆದ ಮಳೆಗಾಲದಲ್ಲಿ ಅಜ್ಜಿಯನ್ನು ಕಂಬಳಿಯಲ್ಲಿ ಹೊತ್ತು ತಂದದ್ದನ್ನು ಹೇಳಿದಳು. ಅಷ್ಟು ಹೊತ್ತು ಮರದ ಪರ ಜೋರಾಗಿದ್ದ ಹುಡುಗ ಸುಮ್ಮನಾದ. ಆಮೇಲೆ "ರಸ್ತೆ ಸ್ವಲ್ಪ ಸುತ್ತು ಹಾಕಿದರೆ ಎಷ್ಟು ಮರ ಉಳೀತದೆ?" ಅಂತ ಕೇಳಿದ. ನಾನು ನೋಡಬೇಕಿದ್ದುದು ಅದನ್ನೇ. ಯಾವ ಕಡೆ ನಿಂತರು ಅನ್ನುವುದಕ್ಕಿಂತ ಇನ್ನೊಬ್ಬರ ಮಾತು ಕೇಳಿ ಸರಿದರೇ ಅನ್ನುವುದು. ಕಥೆಯನ್ನು ಚರ್ಚೆಗೆ ಇಟ್ಟುಕೊಳ್ಳಿ, ಅಂಕಕ್ಕೆ ಬೇಡ.

ಮೂರನೆಯದು ಘಟನಾ ದಾಖಲೆ. ನನ್ನ ಪ್ರಕಾರ ಮೌಲ್ಯಕ್ಕೆ ಇದೊಂದೇ ನಂಬಬಹುದಾದ ದಾರಿ. ಒಂದು ಚಿಕ್ಕ ನೋಟ್‌ಬುಕ್, ಮಗುವಿಗೊಂದು ಪುಟ. ದಿನಕ್ಕೆ ಮೂರು ಹೆಸರು ಬೆಳಿಗ್ಗೆಯೇ ಆರಿಸಿಕೊಳ್ಳುತ್ತೇನೆ, ಆ ದಿನ ಆ ಮೂವರ ಮೇಲೆ ಒಂದು ಕಣ್ಣು. 38 ಮಕ್ಕಳಾದರೆ 13 ಶಾಲಾ ದಿನದಲ್ಲಿ ಒಂದು ಸುತ್ತು. ಹೀಗೆ ಮಾಡದಿದ್ದರೆ ಗಲಾಟೆಯವರ ಪುಟ ತುಂಬಿ, ಮೂಲೆಯ ಮೌನಿಗಳ ಪುಟ ಖಾಲಿ ಉಳಿಯುತ್ತದೆ.

ಬರೆಯುವುದು ಎರಡೇ ಸಾಲು, ಕಂಡದ್ದು ಮಾತ್ರ. "ಸ್ವಾರ್ಥಿ" ಅಂತ ಬರೆದರೆ ಅದು ನನ್ನ ಸಿಟ್ಟು. "ಜುಲೈ 9. ಜೋರು ಮಳೆ. ಕೊಡೆ ಇದ್ದರೂ ಒಬ್ಬನೇ ಹೋದ, ಪಕ್ಕದ ಮನೆಯವನು ಜಗುಲಿಯಲ್ಲೇ ನಿಂತ" ಅಂತ ಬರೆದರೆ ಅದು ದಾಖಲೆ. ಆ ಇಬ್ಬರ ಮನೆಯವರಿಗೆ ತೋಟದ ಬೇಲಿಯ ಜಗಳ, ಜೊತೆಗೆ ಹೋದರೆ ಮನೆಯಲ್ಲಿ ಬೈಗುಳ ಅಂತ ನನಗೆ ಗೊತ್ತಾದದ್ದು ಆಗಸ್ಟ್‌ನಲ್ಲಿ. 'ಸ್ವಾರ್ಥಿ' ಅಂತ ಬರೆದಿದ್ದರೆ ಅದನ್ನು ಅಳಿಸುವುದು ಹೇಗೆ?

ನೋಡಲು ಜಾಗ ಎಲ್ಲಿ? ಮೌಲ್ಯಶಿಕ್ಷಣದ ಪೀರಿಯಡ್ ಅಂತೂ ಅಲ್ಲ. ಬಿಸಿಯೂಟದ ಸಾಲು, ನಳದ ಹತ್ತಿರ, ಮಳೆಯಲ್ಲಿ ಕೊಡೆ ಹಂಚಿಕೊಳ್ಳುವಾಗ, ಕಬಡ್ಡಿಗೆ ತಂಡ ಆರಿಸುವಾಗ ಕೊನೆಗೆ ಉಳಿಯುವವರು ಯಾರು ಎಂಬಲ್ಲಿ.

ಮಕ್ಕಳ ಕೈಗೇ ಕೊಟ್ಟರೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿ ಪತ್ರದಲ್ಲಿ ಮಗುವಿನ ಸ್ವಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಎರಡೂ ಇರಲಿ ಎನ್ನುತ್ತದೆ. ಸ್ವಮೌಲ್ಯಮಾಪನ ಒಂದು ಕೆಲಸದ ಬಗ್ಗೆ ಇದ್ದರೆ ಚೆನ್ನ. "ಈ ಪ್ರಬಂಧದಲ್ಲಿ ನನಗೆ ಇಷ್ಟವಾದ ಸಾಲು, ಮತ್ತೆ ಬರೆಯಬೇಕೆನಿಸಿದ ಸಾಲು." ತನ್ನ ಗುಣದ ಬಗ್ಗೆ ಕೇಳಿದರೆ ಜೋರಿನವರು ಹತ್ತಕ್ಕೆ ಹತ್ತು ಹಾಕಿಕೊಳ್ಳುತ್ತಾರೆ, ಸಂಕೋಚದ ಹುಡುಗಿಯರು ನಾಲ್ಕು. ಸಹಪಾಠಿ ಮೌಲ್ಯಮಾಪನಕ್ಕೂ ಅದೇ, ಕೆಲಸಕ್ಕೆ ಮಾತ್ರ. ಅಂಕ ಸೇರಿಸಿದರೆ ಪೇರಲೆ ಹಣ್ಣು ಕೊಟ್ಟು ಅಂಕ ಕೊಳ್ಳುವ ವ್ಯಾಪಾರ ಶುರುವಾಗುತ್ತದೆ.

ಸಮಾಜಮಿತಿ ಬಗ್ಗೆ ಎಚ್ಚರ. ಯಾರ ಜೊತೆ ಕೂರಲು ಇಷ್ಟ ಅಂತ ಕೇಳಿ, ಆರಿಸಿದವರ ಕಡೆಗೆ ಬಾಣ ಎಳೆದು ತರಗತಿಯ ಗೆಳೆತನದ ನಕ್ಷೆ ಬರೆಯುವ ಈ ಕ್ರಮವನ್ನು ಜೇಕಬ್ ಮೊರೆನೊ 1930ರ ದಶಕದಲ್ಲಿ ಬೆಳೆಸಿದರು. ಒಂಟಿಯಾಗಿರುವ ಮಗು ಯಾರು ಅಂತ ಇದರಷ್ಟು ಬೇಗ ಬೇರೆ ಯಾವುದೂ ತೋರಿಸುವುದಿಲ್ಲ. ಆದರೆ "ಯಾರು ಬೇಡ" ಅಂತ ಎಂದೂ ಕೇಳಬೇಡಿ. ಇನ್ನೊಂದು, ಹಾಳೆಯನ್ನು ಮೇಜಿನ ಮೇಲೆ ಬಿಡಬೇಡಿ. ನಾನು ಬಿಟ್ಟಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಒಬ್ಬಳು ತನ್ನ ಹೆಸರಿಗೆ ಎಷ್ಟು ಬಾಣ ಬಂದಿದೆ ಅಂತ ಎಣಿಸುತ್ತಾ ನಿಂತಿದ್ದಳು. ಒಂದೂ ಬಂದಿರಲಿಲ್ಲ.

ಒಂದೇ ಒಂದು ಆರಿಸಿ ಅಂದರೆ

ಚಿಕ್ಕ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ತರಗತಿಯಾದರೆ, ಮಗು ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲಿಕಾ ಏಣಿಯೇ ಕಲಿಕೆಯನ್ನು ದಿನಾ ತೋರಿಸುತ್ತದೆ. ಇನ್ನೊಂದು ಪರೀಕ್ಷೆ ಹೇರಬೇಡಿ, ನೋಟ್‌ಬುಕ್ ಒಂದು ಸಾಕು. ಐದರಿಂದ ಏಳನೇ ತರಗತಿಗೆ ಚೀಟಿ ಮತ್ತು ನೋಟ್‌ಬುಕ್, ತಿಂಗಳಿಗೊಮ್ಮೆ ಗರಟೆ. ಹೈಸ್ಕೂಲಿನಲ್ಲಿ 200 ಮಕ್ಕಳನ್ನು ನೋಡುವವರು ಒಬ್ಬೊಬ್ಬರ ಮೌಲ್ಯ ಬರೆಯುತ್ತೇನೆ ಅಂತ ಹೊರಡುವುದೇ ಬೇಡ. ಹೆಸರಿಲ್ಲದ ಹೇಳಿಕೆ ಪಟ್ಟಿ ಕೊಟ್ಟು ಇಡೀ ಸೆಕ್ಷನ್ನಿನ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿದರೆ ಸಾಕು. ಎಸ್ಸೆಸ್ಸೆಲ್ಸಿಯ ಆಂತರಿಕ ಅಂಕ, ಪ್ರಥಮ ಭಾಷೆಗೆ 25, ಉಳಿದವಕ್ಕೆ 20, ಪೂರ್ತಿ ಕಲಿಕೆಗೇ ಇರಲಿ. "ವಿಧೇಯ ಹುಡುಗ" ಅಂತ ಎರಡು ಅಂಕ ಜಾಸ್ತಿ, "ಎದುರು ಮಾತಾಡ್ತಾಳೆ" ಅಂತ ಎರಡು ಕಡಿಮೆ ಮಾಡುವುದು ಮೌಲ್ಯಮಾಪನವಲ್ಲ, ಸೇಡು.

ಹಾಗಾದರೆ ಭಾಗ ಬಿ ಕಾಲಂ? ತುಂಬಲೇಬೇಕು. ಈಗ ನಾನು ಎಲ್ಲರಿಗೂ ಎ ಹಾಕುತ್ತೇನೆ. ಮೊದಲ ವರ್ಷ 36 ಮಕ್ಕಳಿಗೆ ಹಾಕಿದ್ದು ಸೋಮಾರಿತನದಿಂದ, ಈಗ ಹಾಕುವುದು ಬೇಕೆಂದೇ. ಷರಾ ಬರೆಯುವ ಜಾಗದಲ್ಲಿ ಮಾತ್ರ ನೋಟ್‌ಬುಕ್ಕಿನಿಂದ ಒಂದು ನಿಜವಾದ ಸಾಲು ಎತ್ತಿ ಬರೆಯುತ್ತೇನೆ. "ಚಿಕ್ಕ ಮಕ್ಕಳ ತಟ್ಟೆ ತೊಳೆದು ಕೊಡುತ್ತಾನೆ." ಪಾಲಕರ ಸಭೆಯಲ್ಲಿ ಗ್ರೇಡ್ ನೋಡಿ ಸುಮ್ಮನಾಗುವ ಅಪ್ಪಂದಿರು ಆ ಸಾಲನ್ನು ಎರಡು ಸಲ ಓದುತ್ತಾರೆ.

ನೋಟ್‌ಬುಕ್ಕನ್ನು ಮುಂದಿನ ವರ್ಷದ ಶಿಕ್ಷಕರಿಗೆ ಕೊಡಬೇಕೇ? ಕೆಲವರು ಕೊಡಿ ಎನ್ನುತ್ತಾರೆ. ನಾನು ಒಂದೇ ಹಾಳೆ ಕೊಡುತ್ತೇನೆ. ಯಾರಿಗೆ ಬೋರ್ಡ್ ಸರಿ ಕಾಣುವುದಿಲ್ಲ, ಯಾರನ್ನು ಯಾರ ಪಕ್ಕ ಕೂರಿಸಿದರೆ ಮಾತಾಡುತ್ತಾರೆ, ಯಾರ ಮನೆಯಲ್ಲಿ ಯಾವ ಭಾಷೆ. ಕೊಡೆಯ ಕಥೆ, ಬೇಲಿಯ ಕಥೆ, ಉಳಿದ ಪುಟಗಳೆಲ್ಲ ಏಪ್ರಿಲ್‌ನಲ್ಲಿ ಅಡಿಕೆ ಸಿಪ್ಪೆಯ ಜೊತೆ ನಮ್ಮ ಮನೆಯ ಬಚ್ಚಲೊಲೆಗೆ.